ಎರಡು ದಳ ಹೆಚ್ಚು

ನನ್ನಜ್ಜ ಆನ್ಸೆಲ್ಮ್ ಟ್ರೌಟ್‌ವೈನ್
ಬಿಸ್ಕತ್ತು ಮುಟ್ಟುತ್ತಿರಲಿಲ್ಲ.
ಹಲ್ಲಿಗಾಗದು ಎನ್ನುತ್ತಿದ್ದ.
ಸಾಯುವ ದಿನವೂ ಅವನ ಬಾಯಲ್ಲಿ
ಮೂವತ್ತೊಂದು ಹಲ್ಲಿದ್ದವು.

ಒಹಾಯೋ ನದಿಯ ಈಚೆ ದಡದಲ್ಲಿ ಹಾವರ್‌ಕ್ಯಾಂಪ್ ಅಣ್ಣತಮ್ಮಂದಿರ ಒಲೆ,
ಆಚೆ ದಡದಲ್ಲಿ ಟಿಪ್‌ಟನ್ ಕಂಪನಿಯ ಮೂರಂತಸ್ತು.
ನಡುವೆ ಕಲ್ಲಿದ್ದಲಿನ ದೋಣಿಗಳು,
ಮತ್ತು ಅಜ್ಜನ ಕತ್ತಲೆ ಅಂಗಡಿ:
ಮುದ್ರೆ, ಮೊಹರು, ಗೋರಿಕಲ್ಲಿನ ಅಕ್ಷರ,
ಕೇಳಿದ್ದನ್ನು ಕೆತ್ತಿ ಕೊಡುವುದು.

ಸಾವಿರದ ಒಂಬೈನೂರ ಎಂಟು. ಹಿರಿಯ ಹಾವರ್‌ಕ್ಯಾಂಪ್
ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಬಂದ.
ಶುಂಠಿ ಬೆಲ್ಲದ ಎರಡು ಬಿಲ್ಲೆ, ನಡುವೆ ನಿಂಬೆಯ ಅಂಟು,
ಹೆಸರು ಡೆಲ್ಫೀನ್, ತೀರಿಕೊಂಡ ಮಗಳದು.
‘ಮೇಲೊಂದು ಹೂ ಬೇಕು.’
ಯಾವ ಹೂ ಎಂದು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ.
ಹಿತ್ತಿಲ ಬೇಲಿಯಲ್ಲಿ ಚಿಕೋರಿ ನೀಲಿಯಾಗಿ ಅರಳಿತ್ತು,
ಬಡವರು ಕಾಫಿಗೆ ಬೆರೆಸುವ ಬೇರಿನ ಗಿಡ.
ಹನ್ನೆರಡು ದಳ ಕೆತ್ತಿದ.
ಹಿತ್ತಾಳೆಯ ಉರುಳೆಗೆ ಅಷ್ಟೇ ಹಿಡಿಸಿದ್ದು.

ನಾಲ್ಕು ವರ್ಷ ಊರಿಗೆಲ್ಲ ಅದೇ ಅಚ್ಚು, ಅದೇ ಅಚ್ಚುಮೆಚ್ಚು.

ಆಮೇಲೆ ಆಚೆ ದಡದಿಂದ ಮೋಟಾರಿನಲ್ಲಿ ಒಬ್ಬ ಬಂದ,
ಕೈಗವಸು ಬಿಚ್ಚಲಿಲ್ಲ.
‘ಅದೇ ಹೂ. ಎರಡು ದಳ ಹೆಚ್ಚು.’
ಮೂರು ಪಟ್ಟು ಕೂಲಿ.
ಅಜ್ಜಿ ಫಿಲೊಮೀನಾ ಬಾಗಿಲ ಸಂದಿಯಲ್ಲಿ ನಿಂತು
ಬೇಡ ಎಂದು ತಲೆಯಾಡಿಸಿದಳಂತೆ, ಅಥವಾ
ಬೇಕು ಎಂದು. ಕತ್ತಲೆಯಲ್ಲಿ ಕಾಣಲಿಲ್ಲ ಎಂದ ಅಜ್ಜ.
ಮುಂಗಡದಲ್ಲಿ ಬಡಗಣ ಗೋಡೆ ಒಡೆಸಿ
ಆಳೆತ್ತರದ ಕಿಟಕಿ ಇಡಿಸಿದ.
ಆ ಬೆಳಕಿನಲ್ಲಿ ಕೂತು ಕೆತ್ತಿದ.

ಟಿಪ್‌ಟನ್ ಬಿಸ್ಕತ್ತಿಗಿಂತ ಬಣ್ಣಕ್ಕೆ ಹೆಚ್ಚು ಸುರಿದ.
ಕೊಟ್ಟಿಗೆಗಳ ಮೇಲೆ, ಟ್ರಾಮುಗಳ ಬೆನ್ನ ಮೇಲೆ,
ಶಾಲೆಗೆ ಪುಕ್ಕಟೆ ಹಂಚಿದ ಸ್ಲೇಟುಗಳ ಅಂಚಿನ ಮೇಲೆ:
ನಕಲಿಗೆ ಮೋಸಹೋಗಬೇಡಿ. ದಳ ಎಣಿಸಿ.

ಮಕ್ಕಳು ಎಣಿಸಿದರು.
ದಿನಸಿ ಅಂಗಡಿಯಲ್ಲಿ, ಚರ್ಚಿನ ಬೆಂಚಿನಲ್ಲಿ, ಆಸ್ಪತ್ರೆಯಲ್ಲಿ.
ಹದಿನಾಲ್ಕಿದ್ದರೆ ಬಾಯಿಗೆ, ಹನ್ನೆರಡಿದ್ದರೆ ನಾಯಿಗೆ.
ಇಡೀ ಊರಿನ ಕಿವಿಯ ಮೇಲೆ ಹೂ,
ಅದನ್ನು ಕೆತ್ತಿದ್ದು ನಮ್ಮ ಮನೆಯಲ್ಲಿ.

ಮೊಕದ್ದಮೆ ನಡೆಯಿತು. ಅಜ್ಜನೊಬ್ಬನೇ ಸಾಕ್ಷಿ.
ಎರಡು ಉರುಳೆ ಮೇಜಿನ ಮೇಲಿಟ್ಟು ಕೇಳಿದರು,
ಇವುಗಳಲ್ಲಿ ವ್ಯತ್ಯಾಸವೇನು?
ಮೊದಲು ಯಾವುದು ಎಂದು ಕೇಳಿದ್ದರೆ
ಕತೆ ಬೇರೆ ಆಗುತ್ತಿತ್ತು.
ಅಜ್ಜ ಕಸುಬಿನವನು, ಕೇಳಿದ್ದಕ್ಕಷ್ಟೇ ಉತ್ತರ:
‘ಇದರ ಗೆರೆ ಒರಟು. ಅದರ ಹೊತ್ತಿಗೆ
ನನಗೆ ಕಿಟಕಿ ಇತ್ತು.’

ಮರುದಿನದ ಪತ್ರಿಕೆಯಲ್ಲಿ ದಪ್ಪ ಅಕ್ಷರ:
ಕೆತ್ತಿದವನ ಮಾತು, ಟಿಪ್‌ಟನ್ನೇ ನಯ!
ಹಾವರ್‌ಕ್ಯಾಂಪ್ ಇನ್ನೂ ಹತ್ತೊಂಬತ್ತು ವರ್ಷ ಒಲೆ ಉರಿಸಿದ,
ಪ್ರತಿವರ್ಷ ಸ್ವಲ್ಪ ಸಣ್ಣ ಬೆಂಕಿ.
ರಸ್ತೆಯಲ್ಲಿ ಎದುರಾದರೆ ಅಜ್ಜನಿಗೆ ಟೋಪಿ ಎತ್ತುತ್ತಿದ್ದ.
ಅದೇ, ಅಜ್ಜಿ ಹೇಳುತ್ತಿದ್ದಳು, ಅದೇ ಅವನನ್ನು ತಿಂದದ್ದು.

ನನಗೆ ಐದಾಗಿದ್ದಾಗ ಅಜ್ಜಿ ಕೊಟ್ಟ ಬಿಸ್ಕತ್ತನ್ನು
ಎಣಿಸಿ, ‘ಥೂ, ಕಳ್ಳಮಾಲು’ ಎಂದು ಉಗಿದಿದ್ದೆ.
ಅಜ್ಜಿ ಹೊಡೆಯಲಿಲ್ಲ.
ಉಗಿದದ್ದನ್ನು ಒರೆಸಿ ಹೇಳಿದಳು:
‘ಮೊದಲು ಹುಟ್ಟಿದವನು ಸಾಕ್ಷಿ ತರಬೇಕು ಮಗೂ,
ಜೋರಾಗಿ ಅತ್ತವನಿಗೆ ಅದರ ಗೊಡವೆಯಿಲ್ಲ.’
ಒಳಗೆ ಅಜ್ಜನ ಉಳಿಯ ಸದ್ದು ನಿಂತಿತು,
ಆಮೇಲೆ ಮತ್ತೆ ಶುರುವಾಯಿತು.

ಈಗ ಟಿಪ್‌ಟನ್ನೂ ಇಲ್ಲ. ಮೂರಂತಸ್ತಿನಲ್ಲಿ
ಯಾರದೋ ಹಳೇ ಸೋಫಾಗಳನ್ನು ಬಾಡಿಗೆಗೆ ಇಟ್ಟುಕೊಳ್ಳುತ್ತಾರೆ.
ಒಂದು ಉರುಳೆ ನನ್ನ ಅಡುಗೆಮನೆಯಲ್ಲಿದೆ,
ಯಾವುದೆಂದು ಹೇಳಲಾರೆ, ಅಷ್ಟು ಸವೆದಿದೆ.

ಹೋದ ಜುಲೈ, ರೈಲುಹಳಿಯ ಪಕ್ಕ
ಚಿಕೋರಿ ಕಂಡು ಬಗ್ಗಿ ಎಣಿಸಿದೆ.
ಒಂದರಲ್ಲಿ ಹದಿನೇಳು.
ಇನ್ನೊಂದರಲ್ಲಿ ಹದಿನಾರು, ಒಂದು ಹುಳ ತಿಂದಿತ್ತೇನೋ.
ಮೂರನೆಯದಕ್ಕೆ ಕೈಹಾಕುವಷ್ಟರಲ್ಲಿ ಬಿಸಿಲೇರಿತ್ತು.
ಅವು ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುವ ಹೂಗಳು.